ಬೇಲಿ ಇಲ್ಲದ ಅಂಗಳ

ಅಂಗಳದ ಜಗಳ ಹಳ್ಳಿಗೆ ಹೊಸದಲ್ಲ. ಗೊರೇಬಾಳವಿರಲಿ, ಅದರ ಸುತ್ತಲ ಯಾವ ಊರೇ ಇರಲಿ, ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ ಹೇಗೋ ಹಂಚಿಹೋಗುತ್ತದೆ. ಮನೆ ಮುಂದಿನ ನಾಲ್ಕು ಮಾರು ನೆಲ ಮಾತ್ರ ಹಂಚಿಕೆಗೆ ಒಗ್ಗುವುದಿಲ್ಲ. ಮೊದಲು ಅದು ಕಟ್ಟೆಯ ಮೇಲಿನ ಹಿರಿಯರ ಮುಂದೆ ಬರುತ್ತದೆ, ಆಮೇಲೆ ಪಂಚಾಯಿತಿಗೆ, ಕೊನೆಗೆ ಸಿಂಧನೂರಿನ ಕೋರ್ಟಿಗೆ. ಕಾಗದಕ್ಕೆ ಇಳಿಯುವಾಗ ಅಂಗಳ ಎಂಬ ಹೆಸರು ಬಿಟ್ಟುಹೋಗಿ ಅದು ‘ಖುಲ್ಲಾ ಜಾಗ’ ಆಗುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸದರಿ ಮನೆ, ಉತ್ತರಕ್ಕೆ ಇಂಥವರ ಗೋಡೆ ಎಂದು ಚಕ್ಕುಬಂದಿ ಬರೆಯುತ್ತಾರೆ. ಆ ಜಾಗಕ್ಕಾಗಿ ಇಬ್ಬರೂ ಮೆಟ್ಟಿಲು ಹತ್ತುವ ಕೋರ್ಟು ತನ್ನ ಹುಟ್ಟಿನಲ್ಲಿ ಒಂದು ಅಂಗಳವೇ. ಅದೂ ದನಕರು ಕಟ್ಟುವ ಅಂಗಳ.

ಲ್ಯಾಟಿನ್ನಿನಲ್ಲಿ ‘ಕೊಹಾರ್ಸ್’ ಎಂದರೆ ಸುತ್ತ ಕಟ್ಟಿಕೊಂಡ ಹಿತ್ತಿಲು, ಒಕ್ಕಲುಮನೆಯ ಆವರಣ. ಅದರೊಳಗಿರುವ ‘ಹಾರ್ಟ್’ ತೋಟ ಎಂಬ ಅರ್ಥದ ‘ಹಾರ್ಟುಸ್’ ಪದಕ್ಕೆ ನಂಟು; ನಮ್ಮ ಸರ್ಕಾರಿ ಕಚೇರಿಗಳ ‘ಹಾರ್ಟಿಕಲ್ಚರ್’ ಕೂಡ ಅದೇ ಮನೆತನದ್ದು. ಒಂದೇ ಆವರಣದಲ್ಲಿ ಕೂಡಿಸಿದ ಸೈನಿಕರ ತುಕಡಿಯನ್ನೂ ರೋಮನ್ನರು ಕೊಹಾರ್ಸ್ ಎಂದರು. ಹಳೆಯ ಫ್ರೆಂಚಿಗೆ ಬರುವ ಹೊತ್ತಿಗೆ ಪದ ಸವೆದು ‘ಕೋರ್ಟ್’ ಆಯಿತು. ಒಕ್ಕಲುಮನೆಯ ಆವರಣ ದೊಡ್ಡ ಜಮೀನ್ದಾರನ ಆವರಣವಾಯಿತು, ಮುಂದೆ ಅರಸನ ಆವರಣವಾಯಿತು. ಅರಸನ ಸುತ್ತ ನೆರೆದ ಜನಕ್ಕೂ ಅದೇ ಹೆಸರು ಹತ್ತಿತು. ನ್ಯಾಯ ಹೇಳುವವನೂ ಅರಸನೇ ಆದ್ದರಿಂದ ಅವನು ಕೂತು ತೀರ್ಪು ಕೊಡುವ ಜಾಗವೂ ಕೋರ್ಟು. ಅರಮನೆಯ ನಡತೆ ‘ಕರ್ಟೆಸಿ’ ಎನಿಸಿಕೊಂಡಿತು. ಅರಮನೆಯ ಗೋಡೆಗಳ ನಡುವೆ ಚೆಂಡಾಟ ಆಡುತ್ತಿದ್ದರಿಂದ ಟೆನಿಸ್‌ಗೂ ಕೋರ್ಟು ದಕ್ಕಿತು. ಇಂಗ್ಲೆಂಡಿನ ಎಂಟನೇ ಹೆನ್ರಿ ಟೆನಿಸ್ ಆಡುತ್ತಿದ್ದ ಅರಮನೆಯ ಹೆಸರೇ ಹ್ಯಾಂಪ್ಟನ್ ಕೋರ್ಟ್.

ಇಷ್ಟು ಎತ್ತರಕ್ಕೆ ಏರಿದ ಮೇಲೆ ಕೋರ್ಟು ಎಂದರೆ ಅಂಗಳ ಎಂಬುದು ಇಂಗ್ಲಿಷರಿಗೇ ಸಾಲದೆ ಬಂತು. ಹದಿನಾರನೇ ಶತಮಾನದಲ್ಲಿ ಅವರು ಅದಕ್ಕೆ ‘ಯಾರ್ಡ್’ ಸೇರಿಸಿ ‘ಕೋರ್ಟ್‌ಯಾರ್ಡ್’ ಎಂದರು. ಯಾರ್ಡ್ ಎಂದರೂ ಸುತ್ತುಗಟ್ಟಿದ ಜಾಗವೇ, ಗಾರ್ಡನ್ನಿನ ಒಡಹುಟ್ಟು. ಅಂದರೆ ಕೋರ್ಟ್‌ಯಾರ್ಡ್ ಎಂಬುದು ಅಂಗಳದಂಗಳ. ಭಾಷಾವಿಜ್ಞಾನಿಗಳು ಇದೇ ಬುಡಕ್ಕೆ ಸಂಸ್ಕೃತದ ‘ಗೃಹ’ವನ್ನೂ ಸೇರಿಸುತ್ತಾರೆ. ಬೇಲಿ ಸುತ್ತಿದ್ದು ಒಂದು ಕಡೆ ತೋಟವಾಯಿತು, ಇನ್ನೊಂದು ಕಡೆ ಅಂಗಳವಾಯಿತು, ನಮ್ಮಲ್ಲಿ ಮನೆಯೇ ಆಯಿತು. ಜಮೈಕಾದ ಜನ ತಮ್ಮ ಮನೆಯನ್ನು ಇವತ್ತಿಗೂ ‘ಯಾರ್ಡ್’ ಎಂದೇ ಕರೆಯುತ್ತಾರೆ. ಗೃಹ ನಡೆದ ಹಾದಿಯನ್ನೇ ಆ ಪದ ಬೇರೊಂದು ಕಡಲ ದಂಡೆಯಲ್ಲಿ ಮತ್ತೊಮ್ಮೆ ನಡೆದಿದೆ. ಈ ಕುಟುಂಬದ ಪದಗಳಲ್ಲೆಲ್ಲ ಮೊದಲು ಕಾಣುವುದು ಬೇಲಿ, ಆಮೇಲೆ ನೆಲ.

ಕೊಹಾರ್ಸ್‌ಗೆ ಸರಿಸಾಟಿಯಾದ ಕನ್ನಡ ಪದ ಹುಡುಕಿದರೆ ಕೈಗೆ ಸಿಗುವುದು ಅಂಗಳವಲ್ಲ. ‘ಹಟ್ಟಿ’ ಮತ್ತು ‘ದೊಡ್ಡಿ’. ಎರಡೂ ದನಕುರಿ ಕೂಡುವ ಜಾಗಗಳು, ಎರಡೂ ಊರಾಗಿ ಬೆಳೆದ ಪದಗಳು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಎಂದರೆ ಈಗ ಚಿನ್ನದ ಗಣಿ. ಲಿಂಗಸುಗೂರು, ದೇವದುರ್ಗಗಳ ಕಡೆ ಹೆಸರಿನ ಕೊನೆಗೆ ದೊಡ್ಡಿ ಕಟ್ಟಿಕೊಂಡ ಸಣ್ಣ ಸಣ್ಣ ಊರುಗಳು ಎಷ್ಟೊಂದಿವೆ. ಫ್ರಾನ್ಸಿನಲ್ಲೂ ಹೀಗೇ: ‘ಕೋರ್ಟ್’ನಿಂದ ಕೊನೆಯಾಗುವ ಊರುಗಳು ಅಲ್ಲಿ ಲೆಕ್ಕವಿಲ್ಲದಷ್ಟು. 1415ರ ಯುದ್ಧದಿಂದ ಹೆಸರಾದ ಅಜಿನ್‌ಕೋರ್ಟ್ ಕೂಡ ಯಾರೋ ಒಬ್ಬ ಒಕ್ಕಲಿಗನ ದೊಡ್ಡಿಯೇ. ಇಂಗ್ಲಿಷ್ ಚರಿತ್ರೆ ಓದುವ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಆ ದೂರದ ಹೆಸರು ಎಷ್ಟು ಹತ್ತಿರ ಬರುತ್ತದೆ!

ಇನ್ನು ನಮ್ಮ ಅಂಗಳ. ಮೂಲ ಸಂಸ್ಕೃತ, ಪ್ರಾಕೃತಗಳ ‘ಅಂಗಣ’. ಅಮರಕೋಶ ಅಂಗಣ, ಚತ್ವರ, ಅಜಿರ ಮೂರನ್ನೂ ಒಂದೇ ಅರ್ಥಕ್ಕೆ ಹೇಳುತ್ತದೆ. ಪಾಲಿಯಲ್ಲೂ ಅಂಗಣ ಇದೆ. ಜಾತಕ ಕಥೆಗಳಲ್ಲಿ ಜನ ದೂರು ಹೊತ್ತು ‘ರಾಜಂಗಣ’ಕ್ಕೆ, ಅಂದರೆ ಅರಮನೆಯ ಮುಂದಿನ ಬಯಲಿಗೆ ಬರುತ್ತಾರೆ. ಪ್ರಾಕೃತ ನಮ್ಮ ಸೀಮೆಗೆ ಹೊರಗಿನ ಸದ್ದಾಗಿರಲಿಲ್ಲ. ಗೊರೇಬಾಳಕ್ಕೆ ನೆರೆಯ ಮಸ್ಕಿಯಲ್ಲಿ ಅಶೋಕನ ಶಾಸನ ಬಂಡೆಯ ಮೇಲಿದೆ, ಭಾಷೆ ಪ್ರಾಕೃತ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಮೊದಲಿಗೆ ಸಿಕ್ಕಿದ್ದು ಅಲ್ಲಿ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆಯೇ ಆ ಭಾಷೆಯನ್ನು ಓದಿ ಹೇಳುವವರು ಈ ನೆಲದಲ್ಲಿ ಓಡಾಡುತ್ತಿದ್ದರು. ಅಂಗಣದಂಥ ಮನೆಬಳಕೆಯ ಪದಗಳು ಪಂಡಿತರ ಪುಸ್ತಕಕ್ಕೆ ಕಾಯದೆ ಇಂಥ ಬಾಯಿಂದ ಬಾಯಿಗೆ ದಾಟುವ ದಾರಿಯಲ್ಲೇ ಬಂದಿರಬೇಕೆಂದು ನನ್ನ ನಂಬಿಕೆ.

ಮರಾಠಿಯಲ್ಲಿ ಅದು ಅಂಗಣವಾಗಿಯೇ ಉಳಿಯಿತು, ಹಿಂದಿಯಲ್ಲಿ ಆಂಗನ್, ಬಂಗಾಳಿಯಲ್ಲಿ ಆಂಗಿನಾ. ಕನ್ನಡದ ನಾಲಿಗೆ ಮಾತ್ರ ಕೊನೆಯ ಣಕಾರವನ್ನು ಬಿಟ್ಟು ಳಕಾರ ಹಿಡಿಯಿತು. ಒಂದೇ ಪದದಲ್ಲಿ ಎರಡು ಮೂಗಿನ ಸದ್ದು ಭಾರವಾದಾಗ ಒಂದು ಸಡಿಲಾಗುವುದು ಭಾಷೆಗಳಲ್ಲಿ ಸಹಜ. ಇದೇ ಕನ್ನಡ ಇನ್ನೊಂದು ಕಡೆ ತಿರುಗುಮುರುಗಾಗಿ ನಡೆದಿರುವುದು ನನಗೆ ಬಹಳ ಇಷ್ಟದ ಸಂಗತಿ. ಒಕ್ಕಣೆ ಮಾಡುವ ಜಾಗಕ್ಕೆ ಹಳಗನ್ನಡದ ಹೆಸರು ‘ಕಳ’, ತಮಿಳಿನ ‘ಕಳಂ’. ಅದು ನಮ್ಮಲ್ಲಿ ‘ಕಣ’ ಆಯಿತು. ಅಂಗಣದ ಣ ಳಕಾರಕ್ಕೆ ಹೋಯಿತು, ಕಳದ ಳ ಣಕಾರಕ್ಕೆ ಬಂತು. ಮನೆ ಮುಂದಿನ ನೆಲವೂ ಹೊಲದೊಳಗಿನ ನೆಲವೂ ಅಕ್ಷರ ಬದಲಿಸಿಕೊಂಡಿವೆ. ಕಳ ಎಂದರೆ ರಣರಂಗವೂ ಹೌದಾಗಿತ್ತು. ಆ ನೆನಪು ಇಂದಿನ ‘ಚುನಾವಣಾ ಕಣ’ದಲ್ಲಿ ಜೀವಂತವಾಗಿದೆ.

ಬಾಯೊಳಗಿನ ಮೇಲ್ಭಾಗಕ್ಕೂ ಕನ್ನಡದಲ್ಲಿ ಅಂಗಳ ಅಥವಾ ಅಂಗುಳ ಎನ್ನುತ್ತೇವೆ. ಅದು ತೆಲುಗಿನ ‘ಅಂಗಿಲಿ’ಯ ಒಡಹುಟ್ಟು, ಅಚ್ಚ ದ್ರಾವಿಡ ಪದ. ಮನೆಯ ಅಂಗಳಕ್ಕೂ ಅದಕ್ಕೂ ಸದ್ದಿನ ಸಂಬಂಧವಷ್ಟೇ.

ಪದದ ರೂಪಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದು ಹಿಡಿದಿರುವ ನೆಲ. ಶಾಲೆಯ ನಿಘಂಟುಗಳು ಕೋರ್ಟ್‌ಯಾರ್ಡ್ ಎಂದರೆ ಅಂಗಳ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತವೆ. ಇಂಗ್ಲಿಷಿನ ಸಾಮಾನ್ಯ ಬಳಕೆಯಲ್ಲಿ ಕೋರ್ಟ್‌ಯಾರ್ಡ್ ಎಂದರೆ ಗೋಡೆಗಳೋ ಕಟ್ಟಡಗಳೋ ಸುತ್ತುವರಿದ, ಮೇಲೆ ಆಕಾಶ ಕಾಣುವ ಜಾಗ. ಗೊರೇಬಾಳದ ಅಂಗಳ ಹಾಗಿಲ್ಲ. ರಾಯಚೂರು ಸೀಮೆಯ ಹಳೆಯ ಮನೆ ಬಿಸಿಲಿಗೆ ಹೆದರಿ ಕಟ್ಟಿದ್ದು. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ತಲಬಾಗಿಲು ದಾಟಿದರೆ ಒಂದು ಬದಿಗೆ ಎತ್ತುಗಳ ಗೋದಲಿ, ಒಂದು ಮೆಟ್ಟಿಲು ಮೇಲೆ ಪಡಸಾಲೆ, ಅದರಾಚೆ ಅಡುಗೆಮನೆ. ಗೌಡರ, ದೇಸಾಯರ ವಾಡೆಗಳನ್ನು ಬಿಟ್ಟರೆ ಮನೆಯ ನಡುವೆ ಆಕಾಶ ಕಾಣುವ ಜಾಗ ಅಪರೂಪ. ಅಂಗಳ ಇರುವುದು ಹೊರಗೆ, ಕಟ್ಟೆಯ ಮುಂದೆ, ಬೀದಿಗೆ ತೆರೆದುಕೊಂಡು.

ಅದಕ್ಕೆ ಎಲ್ಲೆ ಎಲ್ಲಿ? ಕಸಬರಿಗೆ ನಿಂತಲ್ಲಿ. ನಸುಕಿನಲ್ಲಿ ಹೆಣ್ಣುಮಗಳು ಕಸ ಹೊಡೆದು, ಸಗಣಿ ನೀರಿನ ತಳಿ ಹೊಡೆದು, ರಂಗೋಲಿ ಹಾಕುವ ತನಕ ಅದು ಬರೀ ಬೀದಿ. ಹಾಕಿದ ಮೇಲೆ ಈ ಮನೆಯ ಅಂಗಳ. ಪಕ್ಕದ ಮನೆಯಾಕೆ ತನ್ನ ತಳಿ ಹೊಡೆಯುತ್ತ ಬಂದು ಇವಳ ತಳಿಯ ಅಂಚಿಗೆ ನಿಲ್ಲಿಸುತ್ತಾಳೆ. ಚಕ್ಕುಬಂದಿ ಬರೆಯದೆಯೇ ಇಬ್ಬರಿಗೂ ಗೊತ್ತು. ‘ತಳಿ’ ಎಂಬ ಈ ಮಾತು ಹಳಗನ್ನಡದ್ದು, ಚಿಮುಕಿಸು ಎಂಬ ಅರ್ಥದ ಕ್ರಿಯಾಪದ, ಬೆಂಗಳೂರಿನ ಬರವಣಿಗೆಯಿಂದ ಹೆಚ್ಚುಕಡಿಮೆ ಮರೆಯಾಗಿದೆ, ನಮ್ಮ ಕಡೆ ಬೆಳಗಾದರೆ ಕಿವಿಗೆ ಬೀಳುತ್ತದೆ: “ಯವ್ವಾ, ಅಂಗಳಕ್ಕ ತಳಿ ಹೊಡದೇನಬೆ?” ಎರೆನೆಲದ ಊರುಗಳಲ್ಲಿ ಮಳೆಗಾಲಕ್ಕೆ ಮೊದಲು ಅಂಗಳಕ್ಕೆ ಗರಸು ಹೊಡೆಸದಿದ್ದರೆ ಕಾಲಿಗೆ ಹಿಡಿಗಟ್ಟಲೆ ಮಣ್ಣು ಅಂಟುತ್ತದೆ. ಬೇಸಗೆಯಲ್ಲಿ ರಾತ್ರಿ ಹೊರಸು ಹಾಕಿ ಮಲಗುವುದು, ಹಪ್ಪಳ ಸಂಡಿಗೆ ಒಣಗಿಸುವುದು, ಮದುವೆಗೆ ಹಂದರ ಹಾಕುವುದು, ಸತ್ತವರನ್ನು ಕೂಡಿಸುವುದು, ಎಲ್ಲವೂ ಅಲ್ಲೇ. ಹುಟ್ಟಿದ ಮೇಲಿನ ಮತ್ತು ಹೋದ ಮೇಲಿನ ಕಾರ್ಯಗಳಿಗೆ ಊರನ್ನು ಒಳಗೆ ಕರೆಯಲಾಗದ ಸಣ್ಣ ಮನೆಗಳು ಅಂಗಳದ ಬಲದಿಂದ ದೊಡ್ಡವಾಗುತ್ತವೆ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಕೆಲವರು ಅಂಗಳ ಡೊಂಕು ಎಂದೂ ಹೇಳುತ್ತಾರೆ. ಹಿಂದಿ, ಮರಾಠಿಗಳಲ್ಲೂ ಡೊಂಕಾಗುವುದು ಅಂಗಳವೇ. ಕುಣಿಯುವವಳ ಮುಂದೆ ನೋಡುವವರಿದ್ದಾರೆ ಎಂಬುದು ಈ ಗಾದೆಯೊಳಗೆ ಅಡಗಿರುವ ಮಾತು. ಅಂಗಳ ಮನೆಯದ್ದೂ ಹೌದು, ಕಂಡವರ ಕಣ್ಣಿನದ್ದೂ ಹೌದು. ಬೇಲಿ ಹಾಕಿದರೆ ಅದು ಅಂಗಳವಾಗಿ ಉಳಿಯುವುದಿಲ್ಲ, ಹಿತ್ತಲಾಗುತ್ತದೆ. ಎಲ್ಲೆಯೇ ಇಲ್ಲದಿದ್ದರೆ ಬಯಲಾಗುತ್ತದೆ. ಈ ಎರಡರ ನಡುವೆ ನಿಂತ ನೆಲಕ್ಕೆ ಒಂದು ಹೆಸರಿಟ್ಟುಕೊಂಡದ್ದು ಕನ್ನಡದ ದೊಡ್ಡ ಸೂಕ್ಷ್ಮ.

ಒಳಗಿನ ಅಂಗಳಕ್ಕೆ ಬೇರೆ ಕಡೆಯ ಕನ್ನಡ ಬೇರೆ ಹೆಸರುಗಳನ್ನು ಕೊಟ್ಟಿದೆ. ಹಳೆ ಮೈಸೂರು, ಮಲೆನಾಡುಗಳಲ್ಲಿ ಅದು ತೊಟ್ಟಿ. ನಾಲ್ಕು ಸೂರಿನ ನೀರು ಬಂದು ಬೀಳುವ ಜಾಗಕ್ಕೆ ನೀರಿನ ತೊಟ್ಟಿಯ ಹೆಸರೇ ನಿಂತಿತು. ಕುಪ್ಪಳಿಯ ಕವಿಮನೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತುಳುವಿನವರಿಗೆ ಮನೆ ಮುಂದಿನದು ಜಾಲ್. ದೇವಸ್ಥಾನಗಳಲ್ಲಿ ಪ್ರಾಕಾರ: ಅದು ಮೂಲದಲ್ಲಿ ಗೋಡೆಯ ಹೆಸರು, ಈಗ ಗೋಡೆಯೊಳಗಿನ ನೆಲಕ್ಕೆ ಸಲ್ಲುತ್ತದೆ. ಮಸೀದಿಯದು ಸಹನ್. ಸಿಂಧನೂರು ತಾಲ್ಲೂಕು ಒಂದರಲ್ಲೇ ಈ ಪದಗಳ ಸಂತೆ ಇದೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಹಿಂಬಾಲಿಸಿ ಆಂಧ್ರದಿಂದ ಬಂದವರ ಕ್ಯಾಂಪುಗಳಲ್ಲಿ ಮುಗ್ಗು ಹಾಕುವ ನೆಲ ‘ವಾಕಿಲಿ’. ನಮ್ಮ ‘ಬಾಕಲ’ದ ಅಕ್ಕನೇ ಅದು. ಕನ್ನಡದಲ್ಲಿ ಪದ ಕದದ ಹತ್ತಿರ ಉಳಿಯಿತು, ತೆಲುಗಿನಲ್ಲಿ ಹೊಸ್ತಿಲು ದಾಟಿ ಅಂಗಳಕ್ಕೂ ಹರಡಿತು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ಆರ್.ಎಚ್. ಕ್ಯಾಂಪುಗಳಲ್ಲಿ ಅದೇ ನೆಲ ‘ಉಠಾನ್’.

ಅಂಗಳದ ಪಕ್ಕದಲ್ಲೇ ನಿಲ್ಲುವ ಇನ್ನೊಂದು ಪದ ‘ಅಂಕಣ’. ಮನೆ ಕಟ್ಟುವವರ ಲೆಕ್ಕದಲ್ಲಿ ಎರಡು ಕಂಬಗಳ ಅಥವಾ ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಎಷ್ಟು ಅಂಕಣದ ಮನೆ ಎಂದು ಕೇಳಿದರೆ ಮನೆತನದ ಅಳತೆಯೂ ಸಿಗುತ್ತಿತ್ತು. ತೆಲುಗಿನಲ್ಲಿ ಅದು ನೆಲದ ಅಳತೆಯೇ ಆಗಿಹೋಯಿತು. ನೆಲ್ಲೂರಿನಲ್ಲಿ ಇಂದಿಗೂ ನಿವೇಶನ ಮಾರುವುದು ಅಂಕಣದ ಲೆಕ್ಕದಲ್ಲಿ, ಒಂದಕ್ಕೆ 72 ಚದರಡಿ. ಪತ್ರಿಕೆಯ ‘ಕಾಲಂ’ಗೆ ಹೆಸರು ಬೇಕಾದಾಗ ಕನ್ನಡ ಪತ್ರಕರ್ತರು ಈ ಪದವನ್ನು ಎತ್ತಿಕೊಂಡರು. ಇಂಗ್ಲಿಷಿನಲ್ಲಿ ಕಾಲಂ ಎಂದರೆ ಕಂಬ. ನಮ್ಮವರು ಕಂಬವನ್ನು ಬಿಟ್ಟು ಕಂಬಗಳ ನಡುವಿನ ತೆರವನ್ನು ಆರಿಸಿಕೊಂಡರು. ಬರೆಯುವವನಿಗೆ ಬೇಕಾದದ್ದು ತೆರವೇ ಅಲ್ಲವೇ? ಆ ಹೆಸರಿಟ್ಟವರು ಯಾರೇ ಇರಲಿ, ಅವರಿಗೆ ನಾನು ಕೃತಜ್ಞ. ಕ್ರೀಡಾ ಪುಟದವರು ಟೆನಿಸ್, ಕಬಡ್ಡಿಗಳ ಕೋರ್ಟಿಗೂ ಅಂಕಣ ಎನ್ನುತ್ತಾರೆ. ಗೆರೆ ಎಳೆದು ಅಳೆದ ಜಾಗ ಎಂಬ ಅರ್ಥದಲ್ಲಿ ಅದು ಅಂಗಳಕ್ಕಿಂತ ಸರಿಯಾದ ಆಯ್ಕೆ.

ಕಳೆದ ಶತಮಾನದಲ್ಲಿ ಅಂಗಣ ಸಮಾಸಗಳಿಗೆ ಸಿಕ್ಕಿ ವಿಚಿತ್ರ ತಿರುವು ಪಡೆಯಿತು. ಕ್ರೀಡಾಂಗಣ ಸರಿ, ಮೇಲೆ ಆಕಾಶವಿದೆ. ಎಪಿಎಂಸಿಯ ಮಾರುಕಟ್ಟೆ ಪ್ರಾಂಗಣವೂ ಸರಿ; ಭತ್ತದ ಲಾರಿಗಳು ಸಾಲುಗಟ್ಟುವ ಸಿಂಧನೂರಿನಲ್ಲಿ ಅದು ತಕ್ಕ ಹೆಸರು. ಆದರೆ ಸಭಾಂಗಣಕ್ಕೆ ಸೂರು ಬಂತು. ಉಡುಪಿಯ ಕೃಷ್ಣಮಠದ ರಾಜಾಂಗಣದಲ್ಲಿ ಸಭೆಗಳು ನಡೆಯುವುದು ಚಾವಣಿಯ ಕೆಳಗೆ. ‘ಒಳಾಂಗಣ’ದ ಗತಿ ಇನ್ನೂ ಬೇಸರ ತರಿಸುತ್ತದೆ. ಗುಡಿಯ ಒಳಗಿನ ಅಂಗಳಕ್ಕೆ ಕರಾವಳಿಯವರು ಬಳಸುತ್ತಿದ್ದ, ಬಳಸುತ್ತಿರುವ ಸೊಗಸಾದ ಪದ ಅದು. ಕೋರ್ಟ್‌ಯಾರ್ಡ್‌ಗೆ ಕನ್ನಡದಲ್ಲಿ ಅದಕ್ಕಿಂತ ನಿಖರವಾದ ಇನ್ನೊಂದು ಮಾತಿಲ್ಲ. ಪತ್ರಿಕೆಗಳು ಅದನ್ನು ‘ಇಂಟೀರಿಯರ್’ಗೆ ಕೊಟ್ಟುಬಿಟ್ಟವು. ಅಂಗಳವೇ ಇಲ್ಲದ ಫ್ಲ್ಯಾಟಿನ ಗೋಡೆಬಣ್ಣ ಈಗ ಒಳಾಂಗಣ ವಿನ್ಯಾಸ. ಕಟ್ಟಡದ ನಡುವೆ ನಿಜವಾಗಿ ಬಯಲು ಬಿಟ್ಟರೆ ಜಾಹೀರಾತಿನವರು ಕನ್ನಡ ಅಕ್ಷರದಲ್ಲೇ ಕೋರ್ಟ್‌ಯಾರ್ಡ್ ಎಂದು ಬರೆಯುತ್ತಾರೆ.

ಇಂಗ್ಲಿಷಿನ ಕೋರ್ಟು ಅಂಗಳದೊಳಕ್ಕೆ ಇನ್ನೊಂದು ದಾರಿಯಿಂದಲೂ ಬಂದಿದೆ. ‘ಚೆಂಡು ಈಗ ರಾಜ್ಯಪಾಲರ ಅಂಗಳದಲ್ಲಿ’ ಎಂಬ ತಲೆಬರಹ ಓದದ ಕನ್ನಡಿಗರಿಲ್ಲ. ಟೆನಿಸ್ ಕೋರ್ಟಿನ ಮಾತು ಅದು. ಅನುವಾದಿಸಿದವರು ಕೋರ್ಟನ್ನು ಅಂಗಳ ಮಾಡಿದರು. ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ಇಂಗ್ಲಿಷ್ ಪದವನ್ನು ಅದರ ತವರಿಗೆ ಮುಟ್ಟಿಸಿದರು. ಆದರೂ ಈ ಬಳಕೆಯಲ್ಲಿ ಅಂಗಳ ಎದುರಾಳಿಯ ಪಾಲಿನ ನೆಲವಾಗುತ್ತದೆ. ಮನೆ ಮುಂದಿನ ಅಂಗಳದಲ್ಲಿ ಎದುರಾಳಿ ಎಂಬುವನಿಲ್ಲ. ಬಂದವನಿಗೆ ಮೊದಲು ಕಾಲಿಗೆ ನೀರು ಕೊಡುವ ಜಾಗ ಅದು. ಹೀಗಾಗಿ ಆ ತಲೆಬರಹ ಓದುವಾಗೆಲ್ಲ ನನಗೆ ಪದದ ಮೈ ಬಿಗಿದಂತೆ ಅನ್ನಿಸುತ್ತದೆ.

ಆಕಾಶದ ಸುದ್ದಿ ಬರೆಯುವವರ ಬಳಕೆ ಹಾಗಲ್ಲ. ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿದಾಗ ‘ಮಂಗಳನ ಅಂಗಳ’ ಎಂಬ ಮಾತು ಎಲ್ಲ ಕಡೆ ಮೊಳಗಿತು, ಪ್ರಾಸ ತಾನಾಗಿಯೇ ಒದಗಿತ್ತು. 2023ರ ಆಗಸ್ಟ್ 23ರಂದು ವಿಕ್ರಮ್ ನೌಕೆ ಇಳಿದದ್ದೂ ‘ಚಂದ್ರನ ಅಂಗಳ’ಕ್ಕೆ. ಇಂಗ್ಲಿಷ್ ಪತ್ರಿಕೆಗಳು ಚಂದ್ರನ ಮೇಲ್ಮೈ ಎಂದವು, ಮಣ್ಣು ಎಂದವು. ಚಂದ್ರನ ಕೋರ್ಟ್‌ಯಾರ್ಡ್ ಎಂದು ಬರೆಯಲು ಅವಕ್ಕೆ ಬರುತ್ತಿರಲಿಲ್ಲ. ಬೇಲಿಯಿಂದ ಹುಟ್ಟಿದ ಪದ ಅಷ್ಟು ದೂರ ಹೋಗಲಾರದು. ಇನ್ನೊಬ್ಬರ ಮನೆಗೆ ಹೋದವರು ಮೊದಲು ನಿಲ್ಲುವ ನೆಲ ಎಂಬ ಹಳ್ಳಿಯ ಅರ್ಥ ಆ ತಲೆಬರಹಗಳಲ್ಲಿ ಪೂರ್ತಿಯಾಗಿ ಉಳಿದಿದೆ.

ಅಂಗಣದ ಇನ್ನೊಂದು ಜನ್ಮ ಎಲ್ಲ ಊರಿನಲ್ಲೂ ಗೋಡೆಬರಹವಾಗಿದೆ: ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಹೆಸರಿನಲ್ಲಿ ನಕಾರ ಇರುವುದರಿಂದ ಕೆಲವರು ಇದನ್ನು ಹೆಣ್ಣು ಎಂಬ ಅರ್ಥದ ‘ಅಂಗನೆ’ಗೆ ಕಟ್ಟುತ್ತಾರೆ. ಅಲ್ಲಿ ದುಡಿಯುವವರೆಲ್ಲ ಹೆಣ್ಣುಮಕ್ಕಳಾದ್ದರಿಂದ ಹಾಗೆ ತೋಚುವುದು ಸಹಜ, ಮೂಲ ಮಾತ್ರ ಹಿಂದಿ ಬಳಕೆಯ ಆಂಗನ್. ಜೊತೆಗಿರುವ ‘ವಾಡಿ’ ಸಂಸ್ಕೃತದ ವಾಟಿಕೆಯಿಂದ ಬಂದದ್ದು, ಅರ್ಥ ಸುತ್ತುಗಟ್ಟಿದ ಜಾಗ. ನಮ್ಮ ದೇಸಾಯರ ವಾಡೆಯೂ ಅದೇ ಬುಡದ್ದು. ಅಂಗನ ಎಂದರೆ ಅಂಗಳ, ವಾಡಿ ಎಂದರೆ ಆವರಣ. ಕೋರ್ಟ್ ಎಂದರೆ ಅಂಗಳ, ಯಾರ್ಡ್ ಎಂದರೆ ಆವರಣ. ಎರಡು ಭಾಷೆಗಳು ಒಂದನ್ನೊಂದು ಕೇಳದೆ ಒಂದೇ ಜೋಡುಪದ ಹೆಣೆದಿವೆ. ಇಂಗ್ಲಿಷಿನದು ಅರಮನೆಗೂ ಹೋಟೆಲಿಗೂ ಹೋಯಿತು, ನಮ್ಮದು ಮೂರು ವರ್ಷದ ಮಕ್ಕಳಿಗೆ ಬಿಸಿಯೂಟ ಹಾಕುವ ಕೋಣೆಗೆ ಬಂತು.

ಹೊಲದ ಕಣ ನಮ್ಮ ಭಾಗದಲ್ಲಿ ಬಹುತೇಕ ಮುಗಿಯಿತು. ಕಟಾವು ಯಂತ್ರ ನಿಂತಲ್ಲೇ ಕಾಳು ಬೇರ್ಪಡಿಸುವಾಗ ನೆಲ ಸಾರಿಸಿ ಮೇಟಿ ನೆಟ್ಟು ಹಂತಿ ಹೊಡೆಯುವವರು ಯಾರು? ಭತ್ತ ಒಣಗುವುದು ಈಗ ಡಾಂಬರು ರಸ್ತೆಯ ಅಂಚಿನಲ್ಲಿ. ಅಂಗಳಕ್ಕೂ ಕಾಲ ಬದಲಾಗಿದೆ. ಓಣಿಗೆ ಸಿಸಿ ರಸ್ತೆ ಬಂದಾಗ ಕಾಂಕ್ರೀಟು ಕಟ್ಟೆಯ ಬುಡದ ತನಕ ಹರಿಯುತ್ತದೆ. ರಸ್ತೆ ಎತ್ತರವಾಗಿ ಮಳೆ ನೀರು ಮನೆಯೊಳಗೆ ನುಗ್ಗುವ ಊರುಗಳೂ ಇವೆ. ರಸ್ತೆ ಪಂಚಾಯಿತಿಯ ಆಸ್ತಿ, ಇ-ಸ್ವತ್ತಿನ ನಮೂನೆಯಲ್ಲಿ ಅಂಗಳಕ್ಕೆ ಕಾಲಂ ಇಲ್ಲ. ಆದರೂ ಕಾಂಕ್ರೀಟಿನ ಆ ಪಟ್ಟಿಯನ್ನೇ ಹೆಣ್ಣುಮಕ್ಕಳು ದಿನಾ ಗುಡಿಸುತ್ತಾರೆ, ನೀರು ಹೊಡೆಯುತ್ತಾರೆ, ಅಂಗಳ ಎಂದೇ ಕರೆಯುತ್ತಾರೆ. 1894ರಲ್ಲಿ ಮಂಗಳೂರಿನಿಂದ ಕಿಟ್ಟೆಲ್ ಕೋಶ ಹೊರಬಂದಾಗ ಇಂಥ ಅಂಗಳ ಇರಲಿಲ್ಲ. ಮುಂದಿನ ಕೋಶ ಮಾಡುವವರು ಕೋರ್ಟ್‌ಯಾರ್ಡ್ ಎಂಬ ಅರ್ಥವನ್ನು ಒಳಾಂಗಣಕ್ಕೆ ಬಿಟ್ಟುಕೊಟ್ಟು, ಅಂಗಳದ ಎದುರು ಈ ಅರ್ಥ ಬರೆಯಲಿ: ಮನೆಯ ಎದುರಿಗೆ, ಆ ಮನೆಯವರು ಗುಡಿಸಿ ತಮ್ಮದಾಗಿಸಿಕೊಂಡ, ಯಾರು ಬೇಕಾದರೂ ಬಂದು ನಿಲ್ಲಬಹುದಾದ ನೆಲ.